ಅಳತೆಯಕ್ಕನ ಎರಡು ಚುಕ್ಕೆ

ಆ ಊರಿನ ಮನೆಗಳ ಒಳಗನ್ನು ಅಳತೆಯಕ್ಕನಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಅಂಚೆಯವನು ಬಂದರೆ ಬಾಗಿಲ ತನಕ, ಡಾಕ್ಟರು ಬಂದರೆ ಹಾಸಿಗೆ ತನಕ, ನೆಂಟರು ಬಂದರೆ ಹೆಚ್ಚೆಂದರೆ ಊಟದ ಮೇಜಿನ ತನಕ. ಈಕೆ ಹಾಗಲ್ಲ. ಸಿಂಕಿನ ಅಡಿಗೂ ತಲೆ ತೂರಿಸುವವಳು. ಮಂಚ ಸರಿಸಿ, ಹಿಂದೆ ಬಿದ್ದಿರುವ ಒಂಟಿ ಕಾಲ್ಚೀಲವನ್ನು ಕಂಡೂ ಕಾಣದವಳಂತೆ ಗೋಡೆಗೆ ಟೇಪು ಹಿಡಿಯುವವಳು. ಇಪ್ಪತ್ತೆರಡು ವರ್ಷದಲ್ಲಿ ಆಕೆ ಹೊಕ್ಕು ಬಂದ ಮನೆಗಳು ಸಾವಿರ ದಾಟಿದ್ದವು. ಯಾರ ಮನೆಯಲ್ಲಿ ಗಂಡ ಹೆಂಡತಿ ಬೇರೆ ಬೇರೆ ಕೋಣೆಯಲ್ಲಿ ಮಲಗುತ್ತಾರೆ, ಯಾರ ಮನೆಯ ಕಪಾಟಿನ ಹಿಂದೆ ಗೋಡೆ ಒದ್ದೆಯಾಗಿದೆ, ಎಲ್ಲ ಗೊತ್ತು. ಒಂದನ್ನೂ ಬಾಯಿ ಬಿಟ್ಟವಳಲ್ಲ. ಆ ಕೆಲಸವೆಂದರೆ ಆಕೆಗೆ ಪ್ರಾಣ.

ಆಕೆ ಇದ್ದದ್ದು ಮರದ ಸಾಮಾನು ಮಾಡುವ ಒಂದು ಕಾರ್ಖಾನೆಯಲ್ಲಿ. ಮುಂದೆ ಗಾಜಿನ ಬಾಗಿಲಿನ ಅಂಗಡಿ, ಹಿಂದೆ ಉದ್ದನೆಯ ಶೆಡ್ಡು. ಮುಂದೆ ಯಜಮಾನರು, ಹಿಂದೆ ಮೇಸ್ತ್ರಿ. ಗಿರಾಕಿ ಬಂದು ಕಪಾಟೋ ಪುಸ್ತಕದ ಬೀರುವೋ ಬೇಕೆಂದರೆ ಅಳತೆಯಕ್ಕ ಅವರ ಮನೆಗೆ ಹೋಗಿ ಅಳತೆ ತೆಗೆದುಕೊಂಡು ಬಂದು ಕಾಗದದ ಮೇಲೆ ಹಾಕುವುದು, ಆ ಕಾಗದವನ್ನು ಶೆಡ್ಡಿನ ಬೋರ್ಡಿಗೆ ಸಿಕ್ಕಿಸುವುದು, ಬೋರ್ಡಿಗೆ ಬಂದದ್ದನ್ನು ಮೇಸ್ತ್ರಿ ಕೊಯ್ಯುವುದು. ನಡುವೆ ಮಾತಿಲ್ಲ, ಕತೆಯಿಲ್ಲ.

ಮಾತಿಲ್ಲದಿರುವುದಕ್ಕೆ ಕಾರಣ ಇತ್ತು. ಆಕೆ ಸೇರಿದ ಹೊಸತರಲ್ಲಿ ಆಕೆಯ ಬರವಣಿಗೆಯಲ್ಲಿ ಒಂದಕ್ಕೂ ಏಳಕ್ಕೂ ಅಂಥ ವ್ಯತ್ಯಾಸವೇನೂ ಇರಲಿಲ್ಲ. ಯಾರೋ ಒಬ್ಬರು ಒಂದಡಿ ಎತ್ತರದ ಚಪ್ಪಲಿ ಗೂಡು ಕೇಳಿದ್ದರು. ಮೇಸ್ತ್ರಿ ಏಳಡಿಯದು ಮಾಡಿ ನಿಲ್ಲಿಸಿದರು. ಆ ಮನೆಯವರ ನಗು ಇನ್ನೂ ನಿಂತಿಲ್ಲವಂತೆ. ಅಂದೇ ಇಬ್ಬರೂ ಒಪ್ಪಂದಕ್ಕೆ ಬಂದರು: ಅಂಕಿಯನ್ನು ನಂಬುವುದು ಬೇಡ, ಗೆರೆಯನ್ನು ನಂಬೋಣ. ಕಾಗದದ ಮೇಲೆ ಒಂದಿಂಚು ಎಂದರೆ ಮರದಲ್ಲಿ ಒಂದಡಿ. ಎಡಗಡೆ ಸಾಮಾನಿನ ಮುಖ, ಅದಕ್ಕೆ ಅಂಟಿಕೊಂಡ ಹಾಗೆ ಬಲಗಡೆ ಅದರ ಪಕ್ಕ. ಮೇಸ್ತ್ರಿ ಕಾಗದದ ಮೇಲೆ ತಮ್ಮ ಹಳೆಯ ಹಿತ್ತಾಳೆ ಸ್ಕೇಲು ಇಟ್ಟು ಗೆರೆ ಅಳೆದು ಕೊಯ್ದರೆ ಮುಗಿಯಿತು. ಇಪ್ಪತ್ತೆರಡು ವರ್ಷದಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆಗಿರಲಿಲ್ಲ.

ಹೀಗೆ ಸುಖವಾಗಿ ನಡೆದುಕೊಂಡು ಹೋಗುತ್ತಿದ್ದ ಬದುಕಿಗೆ ಕಲ್ಲು ಹಾಕಿದ್ದು ಗಿರಾಕಿಗಳು. ಈಗಿನವರಿಗೆ ಅಳತೆಯ ಕಾಗದ ಸಾಲದು, ಸಾಮಾನು ಮನೆಯಲ್ಲಿ ಹೇಗೆ ಕಾಣುತ್ತದೆ ಅಂತ ಮೊದಲೇ ಚಿತ್ರ ನೋಡಬೇಕು. ಒಬ್ಬ ಹೆಂಗಸಂತೂ ಅಳತೆಯಕ್ಕನ ಕಾಗದವನ್ನು ತಲೆಕೆಳಗಾಗಿ ಹಿಡಿದುಕೊಂಡು, ಕಿಟಕಿ ಚೆನ್ನಾಗಿದೆ, ಕಪಾಟು ಎಲ್ಲಿ ಎಂದು ಕೇಳಿದ್ದಳು. ಎದುರು ರಸ್ತೆಯ ಅಂಗಡಿಯವರು ಬಣ್ಣದ ಚಿತ್ರ ಕೊಡುತ್ತಿದ್ದಾರೆಂದು ಯಜಮಾನರಿಗೆ ಸುದ್ದಿ ಬಂತು. ಯಜಮಾನರ ತಂಗಿಯ ಮಗಳು ಅದೇ ತಾನೇ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಕೋರ್ಸು ಮುಗಿಸಿ ಬಂದು ಮಾವನ ಅಂಗಡಿಯಲ್ಲಿ ಕೂತಿದ್ದಳು.

ಯಜಮಾನರು ಅಳತೆಯಕ್ಕನನ್ನು ಮುಂದಿನ ಅಂಗಡಿಗೆ ಕರೆಸಿ, ಕೂರಿಸಿ, ಚಹಾ ತರಿಸಿದರು. ಅವರು ಚಹಾ ತರಿಸಿದರೆಂದರೆ ಕೆಟ್ಟ ಸುದ್ದಿಯೇ. ಮೂರು ತಿಂಗಳು ಟೈಮು ಕೊಡುತ್ತೇನೆ, ಸಾಮಾನನ್ನು ಕಣ್ಣಿಗೆ ಕಂಡ ಹಾಗೆ ಬಿಡಿಸಲು ಕಲಿ, ಕಲಿತರೆ ಹೊರಗಿನ ಕೆಲಸ ನಿನ್ನದೇ ಎಂದರು. ಆಗದಿದ್ದರೆ ಹೊರಗಿನ ಕೆಲಸ ತಂಗಿಯ ಮಗಳಿಗೆ, ನಿನಗೆ ಪಾಲಿಶ್ ಕೋಣೆ ಎಂದರು. ಸಂಬಳ ಅಷ್ಟೇ ಇರುತ್ತದೆ ಎಂದು ದೊಡ್ಡ ಮನಸ್ಸಿನವರ ಹಾಗೆ ಸೇರಿಸಿದರು.

ಪಾಲಿಶ್ ಕೋಣೆಗೆ ಕಿಟಕಿಯಿಲ್ಲ. ಧೂಳು ಬಂದು ಕೂರಬಾರದೆಂದು ಬಾಗಿಲು ಸದಾ ಮುಚ್ಚಿರುತ್ತದೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬೆಳಗಿನಿಂದ ಸಂಜೆಯ ತನಕ ಸ್ಯಾಂಡ್‌ಪೇಪರ್ ಉಜ್ಜುವುದು, ವಾರ್ನಿಶ್ ಒರೆಸುವುದು. ಅಳತೆಯಕ್ಕ ಕಷ್ಟಕ್ಕೆ ಹೆದರುವವಳಲ್ಲ. ಆದರೆ ಇನ್ನು ಯಾರ ಮನೆಯ ಬಾಗಿಲೂ ತನಗಾಗಿ ತೆರೆಯುವುದಿಲ್ಲ, ಯಾರೂ ಬನ್ನಿ ಒಳಗೆ ಎನ್ನುವುದಿಲ್ಲ ಎಂದುಕೊಂಡಾಗ ಎದೆಗೆ ಕಲ್ಲಿಟ್ಟ ಹಾಗಾಯಿತು. ಶೆಡ್ಡಿನಲ್ಲಿ ಯಾರಿಗೂ ಈ ವಿಷಯ ಹೇಳಲಿಲ್ಲ, ಮೇಸ್ತ್ರಿಗೂ ಹೇಳಲಿಲ್ಲ. ಐವತ್ತು ದಾಟಿದವಳು ಚಿತ್ರ ಬಿಡಿಸಲು ಹೋಗಿ ನಗೆಪಾಟಲಾಗುವುದು ಯಾಕೆ, ಕಲಿತ ಮೇಲೆ ಗೊತ್ತಾದರೆ ಸಾಕು ಎಂದುಕೊಂಡಳು.

ಕಲಿಸುವವರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ, ಮನೆಯಲ್ಲೇ ಇದ್ದಳು. ಕಷ್ಟ ಇದ್ದದ್ದೂ ಅಲ್ಲೇ. ಗಂಡನ ತಂಗಿ ಹಿಂದೆ ಫೋಟೋ ಸ್ಟುಡಿಯೋಗಳಿಗೆ ಪರದೆ ಬರೆಯುತ್ತಿದ್ದವಳು. ಫೋಟೋ ತೆಗೆಸಿಕೊಳ್ಳುವವರ ಬೆನ್ನ ಹಿಂದೆ ಇರುತ್ತಿತ್ತಲ್ಲ, ಕಂಬಗಳ ಸಾಲು, ಮೇಲೆ ಹೋಗುವ ಮೆಟ್ಟಿಲು, ದೂರದಲ್ಲೊಂದು ತೋಟ, ಅಂಥದ್ದು. ಜನರ ಕೈಗೆ ಫೋನು ಬಂದು ಸ್ಟುಡಿಯೋಗಳು ಮುಚ್ಚಿದ ಮೇಲೆ ಕೊನೆಯ ಪರದೆಯನ್ನು ಸುರುಳಿ ಸುತ್ತಿಕೊಂಡು ಅಣ್ಣನ ಮನೆಗೆ ಬಂದಿದ್ದಳು. ಬಂದ ವಾರದಲ್ಲೇ, ನಾಲ್ಕು ಜನರೆದುರು ಅಳತೆಯಕ್ಕ, ಇಲ್ಲದ ಮೆಟ್ಟಿಲು ಬರೆದು ಎಷ್ಟು ದಿನ ಅಂತ ಬದುಕೋಕಾಗುತ್ತೆ ಎಂದು ನಕ್ಕುಬಿಟ್ಟಿದ್ದಳು. ಹದಿನೈದು ವರ್ಷವಾಗಿತ್ತು. ಒಂದೇ ಮನೆ, ಒಂದೇ ಒಲೆ. ಜಗಳ ಇರಲಿಲ್ಲ, ಸಲಿಗೆಯೂ ಇರಲಿಲ್ಲ.

ಎರಡು ದಿನ ಮೀನಮೇಷ ಎಣಿಸಿ, ಮೂರನೆಯ ದಿನ ಅಳತೆಯಕ್ಕ ನಾದಿನಿಯ ಕೋಣೆಯ ಬಾಗಿಲಲ್ಲಿ ನಿಂತು ವಿಷಯ ಹೇಳಿದಳು. ನಾದಿನಿ ಬಟ್ಟೆ ಮಡಚುತ್ತಿದ್ದಳು. ಕೈಯಲ್ಲಿದ್ದ ಟವೆಲ್ಲನ್ನು ಪೂರ್ತಿ ಮಡಚಿ, ಇನ್ನೊಂದನ್ನೂ ಮಡಚಿ, ಆಮೇಲೆ ತಲೆಯೆತ್ತಿದಳು.

"ಇಲ್ಲದ ಮೆಟ್ಟಿಲು ಕಲೀಬೇಕಾ ಅತ್ತಿಗೆ?"

"ಹೌದು" ಎಂದಳು ಅಳತೆಯಕ್ಕ.

ಮೊದಲ ಪಾಠ ಬೆಂಕಿಪೊಟ್ಟಣದ್ದು. ಅದನ್ನು ಮೇಜಿನ ಮೇಲೆ ಮೂಲೆ ಮುಂದಾಗಿ ಇಟ್ಟು, ಕಂಡ ಹಾಗೆ ಬಿಡಿಸಿ ಎಂದು ನಾದಿನಿ ಹೇಳಿದಳು. ಅಳತೆಯಕ್ಕ ಮೊದಲು ಮಾಡಿದ ಕೆಲಸ ಎಂದರೆ ಸೊಂಟದ ಚೀಲದಿಂದ ಟೇಪು ತೆಗೆದು ಬೆಂಕಿಪೊಟ್ಟಣವನ್ನು ಅಳೆದದ್ದು. ನಾದಿನಿ ಟೇಪನ್ನು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಆಮೇಲೆ ಆಕೆ ಬಿಡಿಸಿದ್ದು ಎರಡು ಚೌಕಟ್ಟು, ಪಕ್ಕಪಕ್ಕ, ನೆಟ್ಟಗೆ, ಶೆಡ್ಡಿನ ಬೋರ್ಡಿಗೆ ಸಿಕ್ಕಿಸಬಹುದಾದಂಥವು. ನಾದಿನಿ ನಗಲಿಲ್ಲ. ಒಂದು ಕಣ್ಣು ಮುಚ್ಚಿ, ಪೆನ್ಸಿಲನ್ನು ಕೈ ಚಾಚಿ ಹಿಡಿಯಿರಿ, ಹತ್ತಿರದ ಅಂಚು ಪೆನ್ಸಿಲಿನ ಮೇಲೆ ಎಷ್ಟಿದೆ ನೋಡಿ, ದೂರದ ಅಂಚು ಎಷ್ಟಿದೆ ನೋಡಿ ಎಂದಳು. ಅಳತೆಯಕ್ಕ ನೋಡಿದಳು. ದೂರದ್ದು ಗಿಡ್ಡವಾಗಿತ್ತು. ಇನ್ನೊಂದು ಕಣ್ಣು ಮುಚ್ಚಿ ನೋಡಿದಳು, ಆಗಲೂ ಗಿಡ್ಡವೇ.

"ಕಾಣೋದು ಗಿಡ್ಡ, ಸರಿ. ಆದ್ರೆ ಇರೋದು ಎರಡೂ ಒಂದೇ ತಾನೇ?"

"ಇರೋದನ್ನ ಯಾರು ಕೇಳಿದ್ರು ಅತ್ತಿಗೆ? ಕಾಣೋದನ್ನ ಬರೀರಿ."

ಕೇಳಲು ಇಷ್ಟೇ. ಆದರೆ ಇಪ್ಪತ್ತೆರಡು ವರ್ಷ ಇರುವುದನ್ನೇ ಬರೆದ ಕೈ ಅದು. ವಿಧಾನವೇನೋ ಒಂದೇ ಸಂಜೆಗೆ ಬಾಯಿಪಾಠ ಆಯಿತು: ಮೊದಲು ಕಣ್ಣಿನ ಮಟ್ಟಕ್ಕೆ ಒಂದು ಅಡ್ಡಗೆರೆ. ಅದರ ಮೇಲೆ ಎಡಕ್ಕೊಂದು ಚುಕ್ಕೆ, ಬಲಕ್ಕೊಂದು ಚುಕ್ಕೆ. ನಡುವೆ ಸಾಮಾನಿನ ಹತ್ತಿರದ ಮೂಲೆ, ಒಂದು ನೆಟ್ಟನೆಯ ಗೆರೆ. ಅದರ ತಲೆಯಿಂದ ಬುಡದಿಂದ ಎರಡೂ ಚುಕ್ಕೆಗೆ ಗೆರೆ ಎಳೆದರೆ ಎಡಪಕ್ಕ ಎಡಚುಕ್ಕೆಯ ಕಡೆಗೆ, ಬಲಪಕ್ಕ ಬಲಚುಕ್ಕೆಯ ಕಡೆಗೆ ಕಿರಿದಾಗುತ್ತ ಓಡುತ್ತದೆ. ನಿಂತ ಗೆರೆಗಳು ಮಾತ್ರ ನಿಂತೇ ಇರಬೇಕು, ವಾಲಬಾರದು. ಬಾಯಿ ಇದನ್ನೆಲ್ಲ ಗಿಣಿಯ ಹಾಗೆ ಒಪ್ಪಿಸುತ್ತಿತ್ತು. ದೂರದ ಅಂಚನ್ನು ಗಿಡ್ಡ ಮಾಡುವ ಹೊತ್ತಿಗೆ ಕೈ ಮಾತ್ರ ಮೆಲ್ಲಗೆ ಉದ್ದ ಮಾಡಿಬಿಡುತ್ತಿತ್ತು. ಗಿರಾಕಿಗೆ ಕಡಿಮೆ ಕೊಟ್ಟ ಹಾಗಾಗುತ್ತದೆ ಎಂಬುದು ಆಕೆಯ ಸಂಕಟ. ಒಂದು ವಾರದಲ್ಲಿ ನಲವತ್ತು ಕಾಗದ ಹಾಳಾದವು.

ಕೈ ಬಗ್ಗಿದ ಮೇಲೆ ಬೇರೆ ತಾಪತ್ರಯ ಶುರುವಾಯಿತು. ಎರಡು ಚುಕ್ಕೆಯನ್ನೂ ಒಂದೇ ಕಾಗದದ ಮೇಲೆ ಇಟ್ಟರೆ ಕಪಾಟಿನ ಮೂಲೆ ದೋಣಿಯ ಮೂತಿಯ ಹಾಗೆ ಮುಂದಕ್ಕೆ ಬಂದು ನೋಡಿದವರನ್ನು ಚುಚ್ಚುವಂತಿತ್ತು. ಚುಕ್ಕೆ ಹತ್ತಿರ ಬಂದರೆ ಸಾಮಾನಿಗೆ ಕೋಪ ಬರುತ್ತದೆ, ದೂರ ಹೋದರೆ ಸಮಾಧಾನವಾಗುತ್ತದೆ ಎಂದು ನಾದಿನಿ ಹೇಳಿದಳು. ಪರದೆ ಬರೆಯುವಾಗ ಅವರು ಗೋಡೆಯ ಆ ತುದಿಗೊಂದು ಈ ತುದಿಗೊಂದು ಮೊಳೆ ಹೊಡೆದು ದಾರ ಎಳೆಯುತ್ತಿದ್ದರಂತೆ. ಇಲ್ಲೂ ಹಾಗೇ ಮಾಡಿದರು. ನಡುಮನೆಯ ಉದ್ದ ಗೋಡೆಯಲ್ಲಿ ಬಾಗಿಲ ಪಕ್ಕ ಒಂದು ಮೊಳೆ, ಕಿಟಕಿಯ ಪಕ್ಕ ಒಂದು ಮೊಳೆ, ನಡುವೆ ಅಂಟಿಸಿದ ಕಾಗದ. ಮೊಳೆಗೆ ಕಟ್ಟಿದ ದಾರವನ್ನು ಬಿಗಿಯಾಗಿ ಕಾಗದದ ಮೇಲೆ ತಂದು ಹಿಡಿದರೆ ಗೆರೆ ಯಾವ ಕಡೆ ಓಡಬೇಕೋ ತಾನೇ ತೋರಿಸುತ್ತಿತ್ತು.

ಗಂಡ ಬಸ್ಸಿನ ಡ್ರೈವರು, ಎತ್ತರದ ಆಳು. ಕೆಲಸ ಮುಗಿಸಿ ಬಂದವನು ಗೋಡೆಗೆ ಒರಗಿ ಶೂ ಬಿಚ್ಚಲು ಹೋಗಿ ದಾರವನ್ನು ಕುತ್ತಿಗೆಗೆ ಸಿಕ್ಕಿಸಿಕೊಂಡು ಬೈದುಕೊಂಡ. ಮಾರನೆಯ ದಿನ ಅವನ ಯೂನಿಫಾರ್ಮಿನ ಅಂಗಿ ಬಲಚುಕ್ಕೆಯ ಮೊಳೆಗೆ ನೇತಾಡುತ್ತಿತ್ತು. ರಸ್ತೆಯ ಎರಡು ಅಂಚೂ ದೂರದಲ್ಲಿ ಒಂದು ಚುಕ್ಕೆಗೆ ಹೋಗಿ ಸೇರುತ್ತವೆ, ನೀವು ದಿನಾ ನೋಡುವುದಿಲ್ಲವೇ ಎಂದು ಹೆಂಡತಿ ಹೇಳಿಕೊಡಲು ಹೋದರೆ, ಇಪ್ಪತ್ತೈದು ವರ್ಷದಿಂದ ಓಡಿಸುತ್ತಿದ್ದೇನೆ, ಆ ಸ್ಟಾಪು ಇನ್ನೂ ಬಂದಿಲ್ಲ ಎಂದ. ತಂಗಿ ಮುಖ ಮುಚ್ಚಿಕೊಂಡು ನಕ್ಕಳು. ಅತ್ತಿಗೆಯೂ ನಕ್ಕಳು. ಆ ಮನೆಯಲ್ಲಿ ಇಬ್ಬರೂ ಒಂದೇ ಮಾತಿಗೆ ನಕ್ಕದ್ದು ಬಹುಶಃ ಅದೇ ಮೊದಲು.

ಎರಡನೆಯ ತಿಂಗಳಲ್ಲಿ ಒಂದು ರಜಾದಿನ ನಾದಿನಿ ಹೇಳದೆ ಕೇಳದೆ ಹಳೆಯ ಪರದೆಯನ್ನು ತಂದು ನಡುಮನೆಯಲ್ಲಿ ಬಿಚ್ಚಿ ಹಾಸಿದಳು. ಕಂಬ, ಕಂಬದ ಹಿಂದೆ ಕಂಬ, ಕೊನೆಗೆ ಆ ಮೆಟ್ಟಿಲು. ಸ್ಟುಡಿಯೋದಲ್ಲಿ ಒಬ್ಬ ಕಂಟ್ರಾಕ್ಟರು ಕೊಡೆಯನ್ನು ಆ ಕಂಬಕ್ಕೆ ಒರಗಿಸಲು ಹೋಗಿ, ಅದು ಬಿದ್ದು, ಎತ್ತಿಕೊಂಡು ಮತ್ತೆ ಅಲ್ಲೇ ಒರಗಿಸಿದ್ದನಂತೆ. ಅಳತೆಯಕ್ಕ ಮೊಣಕಾಲೂರಿ ಕೂತು ಪರದೆಯನ್ನು ಹತ್ತಿರದಿಂದ ನೋಡಿದಳು. ಪ್ರತಿ ಮೆಟ್ಟಿಲಿನ ಅಂಚೂ ಎಲ್ಲೋ ಗೋಡೆಯಾಚೆಗಿನ ಒಂದೇ ಚುಕ್ಕೆಯ ಕಡೆಗೆ ಹೊರಟಿತ್ತು. ಒಂದೂ ದಾರಿ ತಪ್ಪಿರಲಿಲ್ಲ. ಇದನ್ನು ನೋಡಿ ತಾನು ನಕ್ಕಿದ್ದೆನಲ್ಲ ಎಂದು ಆಕೆಗೆ ನಾಚಿಕೆಯಾಯಿತು.

"ಅವತ್ತು ಹಾಗಂದಿದ್ದು ತಪ್ಪಾಯ್ತು ಕಣೆ" ಎಂದಳು.

ನಾದಿನಿ, "ಆಯ್ತು ಬಿಡಿ, ಹದಿನೈದು ವರ್ಷ ಆಯ್ತು. ದಾರ ಹಿಡೀರಿ" ಎಂದಳು.

ಕಪಾಟಿಗೆ ನಾಲ್ಕು ಬಾಗಿಲಿದ್ದರೆ ನಾಲ್ಕೂ ಒಂದೇ ಅಗಲ, ಆದರೆ ಚಿತ್ರದಲ್ಲಿ ಒಂದಕ್ಕಿಂತ ಒಂದು ಸಪೂರವಾಗುತ್ತ ಹೋಗಬೇಕು. ಎಷ್ಟು ಸಪೂರ? ಮೂಲೆಯಿಂದ ಮೂಲೆಗೆ ಎರಡು ಓರೆಗೆರೆ ಎಳೆದರೆ ಅವು ಕತ್ತರಿಸುವ ಜಾಗವೇ ನಡುಮಧ್ಯ ಎಂದು ನಾದಿನಿ ತೋರಿಸಿದಳು. ಅರ್ಧ ಮಾಡಿ ಮತ್ತೆ ಅರ್ಧ ಮಾಡಿದರೆ ನಾಲ್ಕು ಬಾಗಿಲು. ಅಳತೆಯಕ್ಕನಿಗೆ ಹೋದ ಜೀವ ಬಂದ ಹಾಗಾಯಿತು. ಇದರಲ್ಲೂ ಲೆಕ್ಕ ಇದೆ, ಸುಮ್ಮನೆ ಕಣ್ಣುಕಟ್ಟಲ್ಲ! ಅಲ್ಲಿಂದ ಮುಂದೆ ಆಕೆಗೆ ಹುಚ್ಚೇ ಹಿಡಿಯಿತು. ಕುರ್ಚಿ, ಪೆಟ್ಟಿಗೆ, ರೇಡಿಯೋ, ಗಂಡನ ಊಟದ ಡಬ್ಬಿ, ಕಣ್ಣಿಗೆ ಬಿದ್ದದ್ದಕ್ಕೆಲ್ಲ ಎರಡು ಚುಕ್ಕೆ ಹಾಕಿ ಬಿಡಿಸಿದಳು.

ಮೂರು ತಿಂಗಳಿಗೆ ಇನ್ನು ಎಂಟು ದಿನ ಇದೆ ಎನ್ನುವಾಗ ಹಲ್ಲಿನ ಡಾಕ್ಟರರ ಮನೆಯ ಕೆಲಸ ಬಂತು. ಮುಂದಿನ ಕೋಣೆಗೆ ಗೋಡೆಯುದ್ದದ ಪುಸ್ತಕದ ಬೀರು, ಏಳಡಿ ಎತ್ತರ, ಎಂಟಡಿ ಅಗಲ. ಆ ಕೋಣೆ ಹಿಂದೆ ಕಾರು ನಿಲ್ಲಿಸುವ ಜಾಗವಾಗಿತ್ತಂತೆ. ಒಂದು ಮಗ್ಗುಲಲ್ಲಿ ಮಹಡಿಗೆ ಹೋಗುವ ಮೆಟ್ಟಿಲಿತ್ತು. ಅಳತೆ ತೆಗೆದುಕೊಂಡು ಬಂದ ದಿನ, ಸುಮ್ಮನೆ ಮಾತಿಗೆ, ಕಾರಿನ ಶೆಡ್ಡನ್ನೇ ಕೋಣೆ ಮಾಡಿಕೊಂಡಿದ್ದಾರೆ, ಪಕ್ಕದಲ್ಲೇ ಮೆಟ್ಟಿಲು ಎಂದು ಮೇಸ್ತ್ರಿಗೆ ಹೇಳಿದ್ದಳು. ನಾಲ್ಕು ದಿನ ಮನೆಯಲ್ಲಿ ದಾರ ಹಿಡಿದು ಚಿತ್ರ ಬಿಡಿಸಿದಳು. ಒಯ್ದು ತೋರಿಸಿದಾಗ ಡಾಕ್ಟರು ಚಿತ್ರವನ್ನೊಮ್ಮೆ ಖಾಲಿ ಗೋಡೆಯನ್ನೊಮ್ಮೆ ನೋಡಿ, ಇದೇ ಬೇಕಾಗಿತ್ತು ಎಂದು ಕೆಳಗೆ ಸಹಿ ಹಾಕಿಕೊಟ್ಟರು.

ಆಕೆ ಕಾರ್ಖಾನೆಗೆ ವಾಪಸಾದಾಗ ಸಂಜೆಯಾಗಿತ್ತು. ಶೆಡ್ಡು ಖಾಲಿ. ಮೇಸ್ತ್ರಿ ಮರ ಆರಿಸಲು ಮಧ್ಯಾಹ್ನವೇ ಮಿಲ್ಲಿಗೆ ಹೋಗಿದ್ದರು. ಮುಂದಿನ ಅಂಗಡಿಯಲ್ಲಿ ಯಜಮಾನರು ಚಿತ್ರವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿ, "ಪರವಾಗಿಲ್ಲ" ಎಂದರು. ಅವರ ಬಾಯಿಂದ ಪರವಾಗಿಲ್ಲ ಬಂತೆಂದರೆ ಬೇರೆಯವರು ಸನ್ಮಾನ ಮಾಡಿದ ಹಾಗೆ. ತಂಗಿಯ ಮಗಳಂತೂ, ಕೈಯಲ್ಲೇ ಮಾಡಿದಿರಾ ಅಕ್ಕ ಎಂದು ಮನಸ್ಸು ಬಿಚ್ಚಿ ಹೊಗಳಿದಳು. ಅಳತೆಯಕ್ಕ ಗಾಳಿಯಲ್ಲಿ ತೇಲುತ್ತ ಶೆಡ್ಡಿಗೆ ಹೋಗಿ, ಬೆಳಿಗ್ಗೆ ಎಲ್ಲರೂ ನೋಡಲಿ ಎಂದು ಚಿತ್ರವನ್ನು ಬೋರ್ಡಿಗೆ ಸಿಕ್ಕಿಸಿದಳು. ಮಾರನೆಯ ದಿನ ಪಕ್ಕದ ಊರಿನ ಹಾಸ್ಟೆಲ್ಲಿನ ಕೋಣೆಗಳನ್ನು ಅಳೆಯಲು ಎರಡು ದಿನ ಹೋಗುವುದಿತ್ತು. ಬೀರುವಿನ ಅಳತೆಯ ಕಾಗದ ಬಂದ ಮೇಲೆ ಹಾಕಿದರಾಯಿತು, ಮರ ಬರುವುದೇ ಇನ್ನು ನಾಲ್ಕು ದಿನಕ್ಕೆ ಎಂದುಕೊಂಡಳು.

ಮರ ಮಾರನೆಯ ಬೆಳಿಗ್ಗೆಯೇ ಬಂತು.

ಮೂರನೆಯ ದಿನ ಅಳತೆಯಕ್ಕ ಶೆಡ್ಡಿಗೆ ಕಾಲಿಟ್ಟಾಗ ನಡುವೆ ಬೀರು ನಿಂತಿತ್ತು. ಬಲತುದಿಯಲ್ಲಿ ಏಳಡಿ, ಎಡತುದಿಯಲ್ಲಿ ಐದಡಿ. ಮೇಲಿನ ಹಲಗೆ ಇಳಿಯುತ್ತ ಹೋಗಿತ್ತು, ಕೆಳಗಿನ ಹಲಗೆ ಏರುತ್ತ ಬಂದಿತ್ತು, ನಡುವೆ ಪುಸ್ತಕ ಇಡುವ ಅಡ್ಡಹಲಗೆಗಳು ಒಂದೊಂದೂ ಒಂದೊಂದು ಓರೆ. ನಾಲ್ಕು ಬಾಗಿಲಿನ ಚೌಕಟ್ಟು ಒಂದಕ್ಕಿಂತ ಒಂದು ಸಪೂರ. ಎಡತುದಿಯಲ್ಲಿ ಕೆಳಗೆ ಖಾಲಿಯಿದ್ದ ಕಡೆ ಇಟ್ಟಿಗೆ ಜೋಡಿಸಿ ಅದನ್ನು ನಿಲ್ಲಿಸಿದ್ದರು. ಅವಳು ಬಿಡಿಸಿದ ಚಿತ್ರವೇ, ಗೆರೆಗೆ ಗೆರೆ, ಮರದಲ್ಲಿ ಎದ್ದು ನಿಂತಿತ್ತು.

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದರು. ಅರವತ್ತು ದಾಟಿದ ಮುಖದಲ್ಲಿ ಸುಸ್ತೂ ಇತ್ತು, ಹೆಮ್ಮೆಯೂ ಇತ್ತು. ಎರಡು ದಿನ ಸೊಂಟ ನೆಟ್ಟಗೆ ಮಾಡಿಲ್ಲ, ಇಂಥ ಕಷ್ಟದ ಕೆಲಸ ಜೀವಮಾನದಲ್ಲಿ ಮಾಡಿಲ್ಲ, ಒಂದು ಅಡ್ಡಹಲಗೆಯ ಹಾಗೆ ಇನ್ನೊಂದಿಲ್ಲ, ಪ್ರತಿ ಮೂಲೆಗೂ ಬೇರೆ ಬೇರೆ ಓರೆ ಎಂದು ವಿವರಿಸಿದರು. ಮೆಟ್ಟಿಲ ಕೆಳಗೆ ಹೋಗಬೇಕು, ಅದಕ್ಕೆ ಮೇಲೆ ಇಳಿಜಾರು. ಕಾರು ಹತ್ತುತ್ತಿದ್ದ ಜಾಗ, ಅದಕ್ಕೆ ನೆಲ ಏರು. ಹಾಗೆ ಅವರು ತಮಗೆ ತಾವೇ ಅರ್ಥ ಮಾಡಿಕೊಂಡಿದ್ದರು. ಎಡಗಡೆ ಮುಖ, ಅದಕ್ಕೆ ಅಂಟಿ ಬಲಗಡೆ ಪಕ್ಕ: ಕಾಗದವಂತೂ ಇಪ್ಪತ್ತೆರಡು ವರ್ಷದಿಂದ ಬರುತ್ತಿದ್ದ ರೀತಿಯಲ್ಲೇ ಇತ್ತಲ್ಲ. ಅಂಟು ಹಾಕುವವನು ಇದ್ಯಾಕೋ ಸೊಟ್ಟಗಿದೆ ಮೇಸ್ತ್ರಿ ಎಂದಿದ್ದಕ್ಕೆ, ಮನೆ ಸೊಟ್ಟಗಿರಬಹುದು, ಅಕ್ಕನ ಗೆರೆ ಸೊಟ್ಟಗಿರಲ್ಲ ಎಂದು ಅವನ ಬಾಯಿ ಮುಚ್ಚಿಸಿದ್ದರಂತೆ. ಇದನ್ನು ಆ ಅಂಟಿನವನೇ ಆಮೇಲೆ ಹೇಳಿದ್ದು.

"ಸರಿಯಾಗಿ ಕೂರುತ್ತೆ ಅಲ್ವಾ ಅಕ್ಕ?" ಎಂದು ಮೇಸ್ತ್ರಿ ಕೇಳಿದರು.

ಅಷ್ಟರಲ್ಲಿ ಯಜಮಾನರು ಬಂದರು. ನೋಡಿದರು. ಬೋರ್ಡಿನ ಚಿತ್ರ ನೋಡಿದರು, ಮತ್ತೆ ಬೀರು ನೋಡಿದರು. ಆಮೇಲೆ ಮೇಸ್ತ್ರಿಯ ಮೇಲೆ ಹರಿಹಾಯ್ದರು. ಚಿತ್ರ ಯಾವುದು ಅಳತೆ ಯಾವುದು ಅನ್ನುವುದು ಮೂರು ವರ್ಷದ ಮಗುವಿಗೂ ಗೊತ್ತಾಗುತ್ತದೆ, ಇಷ್ಟು ಒಳ್ಳೆಯ ಮರ ಹಾಳಾಯಿತು, ಕಣ್ಣು ಪೂರ್ತಿ ಹೋಗಿದೆಯೋ ಅಥವಾ ತಲೆಯೋ, ವಯಸ್ಸಾದವರನ್ನು ಇಟ್ಟುಕೊಂಡಿದ್ದೇ ತಪ್ಪು ಎಂದರು. ಮೇಸ್ತ್ರಿ ಬೋರ್ಡಿನ ಕಾಗದವನ್ನೇ ನೋಡುತ್ತ ನಿಂತಿದ್ದರು. ಅವರಿಗೆ ಆಗ ತಾನೇ ಅದು ಚಿತ್ರವೆಂದು ಕಾಣತೊಡಗಿತ್ತು.

ಅಳತೆಯಕ್ಕ ಆಗ ಸುಮ್ಮನಿದ್ದಿದ್ದರೆ ಆಕೆಯ ಕೆಲಸ ಉಳಿಯುತ್ತಿತ್ತು. ಇದು ಆಕೆಗೂ ಹೊಳೆಯಿತು. ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಯಜಮಾನರ ಕೋಪವೆಲ್ಲ ಮೇಸ್ತ್ರಿಯ ಕಡೆಗೇ ತಿರುಗಿತ್ತು, ಚಿತ್ರವನ್ನು ಅವರೇ ಬಾಯಾರೆ ಒಪ್ಪಿದ್ದರು. ಎರಡು ಉಸಿರು ಬಿಡುವಷ್ಟು ಹೊತ್ತು ಆಕೆ ಸುಮ್ಮನೆ ನಿಂತದ್ದೂ ನಿಜ.

"ಯಜಮಾನ್ರೇ, ಅವರ ಕಣ್ಣು ಸರಿಯಾಗೇ ಇದೆ" ಎಂದಳು. "ಬೋರ್ಡಿಗೆ ಬಂದ ಗೆರೆ ಅಂದ್ರೆ ಅಳತೆ ಅಂತ ಅವರಿಗೆ ಹೇಳಿಕೊಟ್ಟವಳು ನಾನು. ಅದೇ ಬೋರ್ಡಿಗೆ ಚಿತ್ರ ಹಾಕಿ ಹೋದವಳೂ ನಾನೇ. ತಪ್ಪು ನಂದು."

ಯಜಮಾನರು ಆಕೆಯನ್ನೂ ಒಂದಷ್ಟು ಬೈದು, ನಾಳೆಯಿಂದ ಪಾಲಿಶ್ ಕೋಣೆ, ಮನೆಗಳಿಗೆ ತಂಗಿಯ ಮಗಳು ಹೋಗುತ್ತಾಳೆ ಎಂದು ಹೇಳಿ ಹೊರಟುಹೋದರು. ಆಕೆಗೆ ಅದಕ್ಕಿಂತ ಹೆಚ್ಚು ನೋವಾದದ್ದು ಮೇಸ್ತ್ರಿಯ ಮಾತಿನಿಂದ. ಅವರೇನೂ ದನಿ ಏರಿಸಲಿಲ್ಲ.

"ಹೊಸ ಥರ ಬರೆಯೋಕೆ ಕಲಿತಿದ್ದೀನಿ ಅಂತ ನಂಗೊಂದು ಮಾತು ಹೇಳಬಾರದಿತ್ತಾ ಅಕ್ಕ?"

ಮನೆಯಲ್ಲಿ ವಿಷಯ ಕೇಳಿ ಗಂಡ ತಮಾಷೆ ಮಾಡಲಿಲ್ಲ. ನಾದಿನಿ ತಟ್ಟೆ ತೊಳೆಯುತ್ತ, ತಪ್ಪಿನಲ್ಲಿ ನನ್ನ ಪಾಲೂ ಇದೆ, ಇರೋದನ್ನ ಯಾರು ಕೇಳಿದರು ಎಂದವಳು ನಾನೇ ಅಲ್ಲವೇ ಎಂದಳು. ಅಳತೆಯಕ್ಕ ಹಾಗೇನೂ ಇಲ್ಲ ಬಿಡು ಎಂದು ಒರೆಸುವ ಬಟ್ಟೆ ತೆಗೆದುಕೊಂಡು ಪಕ್ಕದಲ್ಲಿ ನಿಂತಳು.

ಪಾಲಿಶ್ ಕೋಣೆಯಲ್ಲಿ ದಿನಗಳು ಒಂದೇ ಥರ ಇದ್ದವು. ಉಜ್ಜುವುದು, ಒರೆಸುವುದು, ಒಣಗಿಸುವುದು, ಮತ್ತೆ ಉಜ್ಜುವುದು. ಸೊಟ್ಟ ಬೀರುವನ್ನು ಬಿಚ್ಚಿ, ಆ ಹಲಗೆಗಳಿಂದ ಸ್ಟೂಲು ಮಾಡಿದರು. ಅವೂ ಉಜ್ಜಲು ಆಕೆಯ ಕೈಗೇ ಬಂದವು. ಡಾಕ್ಟರರಿಗೆ ನೆಟ್ಟನೆಯ ಬೀರು ಹೋಯಿತು. ಬೆಳಿಗ್ಗೆ ತಂಗಿಯ ಮಗಳು ಚೀಲ ಹಾಕಿಕೊಂಡು ಹೊರಗೆ ಹೊರಡುವುದು ಕಂಡರೆ ಅಳತೆಯಕ್ಕನಿಗೆ ಹೊಟ್ಟೆ ಉರಿಯುತ್ತಿತ್ತು. ಹುಡುಗಿ ಒಳ್ಳೆಯವಳು, ಹೊಟ್ಟೆಯುರಿಗೆ ಅದೇ ಇನ್ನೊಂದು ಕಾರಣ. ಮೇಸ್ತ್ರಿ ಒಂಬತ್ತು ದಿನ ಪಾಲಿಶ್ ಕೋಣೆಯ ಕಡೆ ತಲೆ ಹಾಕಲಿಲ್ಲ.

ಹತ್ತನೆಯ ದಿನ ಬಾಗಿಲು ತಳ್ಳಿಕೊಂಡು ಬಂದರು. ಕೈಯಲ್ಲಿ ಕಂಪ್ಯೂಟರಿನಿಂದ ತೆಗೆದ ಕಾಗದವಿತ್ತು, ಯಾರದೋ ಅಡುಗೆಮನೆಯ ಕಪಾಟು. ಅದನ್ನು ಆಕೆಯ ಮುಂದೆ ಹಿಡಿದು ಕೇಳಿದರು:

"ಅಕ್ಕ, ಇದು ಇರೋದಾ, ಕಾಣೋದಾ?"

ಅಳತೆಯಕ್ಕ ಮುಖದ ಬಟ್ಟೆ ಸರಿಸಿ, ಕೈ ಒರೆಸಿಕೊಂಡು ನೋಡಿದಳು. ಇರುವುದೇ. ಆದರೆ ಕಾಗದಕ್ಕೆ ಹಿಡಿಸಲೆಂದು ಯಂತ್ರ ಇಡೀ ನಕ್ಷೆಯನ್ನು ಕುಗ್ಗಿಸಿ ಅಚ್ಚು ಹಾಕಿತ್ತು. ಮೇಸ್ತ್ರಿ ಸ್ಕೇಲು ಇಟ್ಟು ಕೊಯ್ದಿದ್ದರೆ ಗೊಂಬೆಗಳಿಗೆ ಅಡುಗೆಮನೆ ಆಗುತ್ತಿತ್ತು. ಪಕ್ಕದಲ್ಲಿ ಇರುವೆಯ ಕಾಲಿನಂಥ ಅಕ್ಷರದಲ್ಲಿ ಅಂಕಿಗಳೇನೋ ಇದ್ದವು. ಏಳಡಿಯ ಚಪ್ಪಲಿ ಗೂಡು ಮಾಡಿದ ಮನುಷ್ಯ ಅಂಕಿಯ ತಂಟೆಗೆ ಹೋಗುವವರಲ್ಲ. ಆಕೆ ಪೆನ್ಸಿಲು ತೆಗೆದುಕೊಂಡು ಒಂದು ಪ್ಲೈವುಡ್ ತುಂಡಿನ ಮೇಲೆ ಒಂದಿಂಚಿಗೆ ಒಂದಡಿಯ ಹಾಗೆ ಹೊಸದಾಗಿ ಗೆರೆ ಹಾಕಿಕೊಟ್ಟಳು. ಮೇಸ್ತ್ರಿ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದರು.

ಅಂದಿನಿಂದ ಅದೇ ರೂಢಿಯಾಯಿತು. ಬೋರ್ಡಿಗೆ ಯಾವ ಕಾಗದ ಬರಲಿ, ಮೇಸ್ತ್ರಿ ಅದನ್ನು ಕಿತ್ತುಕೊಂಡು ನೇರ ಪಾಲಿಶ್ ಕೋಣೆಗೆ ಬರುವುದು, ಆಕೆ ನೋಡಿ ಗೆರೆ ಹಾಕಿಕೊಡುವುದು. ಬಾಗಿಲು ತೆರೆದಾಗಲೆಲ್ಲ ಧೂಳು ಒಳಗೆ ಬಂದು ಹಸಿ ವಾರ್ನಿಶಿನ ಮೇಲೆ ಕೂರುತ್ತಿತ್ತು. ಗಿರಾಕಿಗಳು ದೂರು ಹೇಳಿದರು. ತಂಗಿಯ ಮಗಳೂ, ಮಾವ, ಮನೆಗಳಿಗೆ ಅಕ್ಕನೇ ಹೋದರೆ ಚೆನ್ನ, ಗೋಡೆ ನೆಟ್ಟಗಿದೆ ಅಂತ ನಂಬಿ ನಾನು ಎರಡು ಕಡೆ ತಪ್ಪಿದ್ದೇನೆ ಎಂದು ಒಪ್ಪಿಕೊಂಡಳು. ಯಜಮಾನರು ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ.

ಕೊನೆಗೊಂದು ದಿನ ಅವರು ಶೆಡ್ಡಿನ ನಡುವೆಯೇ ಮೇಸ್ತ್ರಿಯನ್ನು ತಡೆದು ನಿಲ್ಲಿಸಿದರು. ಪಾಲಿಶ್ ಕೋಣೆಯ ಬಾಗಿಲು ತೆರೆದೇ ಇತ್ತು, ಒಳಗಿದ್ದ ಅಳತೆಯಕ್ಕನಿಗೆ ಪ್ರತಿ ಮಾತೂ ಕೇಳಿಸಿತು. ಅಷ್ಟು ಮರ ಹಾಳಾದದ್ದು ಯಾರ ಕಾಗದದಿಂದ, ನಿಮಗೆ ಎಲ್ಲರೆದುರು ಮುಖಭಂಗವಾದದ್ದು ಯಾರಿಂದ, ಮತ್ತೆ ಹೋಗಿ ಅವಳನ್ನೇ ಕೇಳುತ್ತೀರಲ್ಲ, ನಿಮಗೇನಾದರೂ ಬುದ್ಧಿ ಇದೆಯೇ ಎಂದು ಯಜಮಾನರು ಕೇಳಿದರು.

ಮೇಸ್ತ್ರಿ ಗರಗಸವನ್ನು ಬೆಂಚಿನ ಮೇಲಿಟ್ಟರು.

"ತಪ್ಪು ಮಾಡಿದ್ದು ಅವಳೇ ಯಜಮಾನ್ರೇ. ತಪ್ಪು ನಂದು ಅಂತ ಮುಂದೆ ಬಂದು ನಿಂತವಳೂ ಅವಳೇ. ಬೇರೆ ಯಾರ ಕಾಗದ ತಪ್ಪಾದ್ರೂ ಕಣ್ಣು ಹೋಗಿದೆ ಅನ್ನಿಸಿಕೊಳ್ಳೋದು ನಾನೇ."

ಒಳಗೆ ಅಳತೆಯಕ್ಕನಿಗೆ ಅಳು ಬಂತು, ಸ್ಟೂಲಿನ ಮೇಲೆ ಕೂತು ಅತ್ತಳು. ಸೋಮವಾರದಿಂದ ಹೊರಗಿನ ಕೆಲಸ ನೋಡಿಕೋ, ಚಿತ್ರ ಅಂಗಡಿಯಲ್ಲಿರಲಿ, ಬೋರ್ಡಿಗೆ ಅಳತೆ ಮಾತ್ರ ಎಂದು ಸಂಜೆ ಯಜಮಾನರು ಹೇಳಿ ಕಳಿಸಿದರು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಆಕೆ ಒಂದು ಮನೆಯ ಮುಂದೆ ನಿಂತಿದ್ದಳು. ಬಾಗಿಲು ತೆರೆದ ಹೆಂಗಸು, ಮನೆಯೆಲ್ಲ ಹರಡಿಕೊಂಡಿದೆ, ಏನೂ ಅಂದುಕೊಳ್ಳಬೇಡಿ, ಬನ್ನಿ ಒಳಗೆ ಎಂದಳು.